ಎರಡಡಿ ಒಹಾಯೊ ಸ್ಟಾರ್: ಕೊಟ್ಟಿಗೆ ಕೌದಿ ಎಲ್ಲಿಗೆ ಬಂತು

ಅಮೆರಿಕದಲ್ಲಿ ಕೊಟ್ಟಿಗೆಯ ಗೋಡೆಗೆ ತೂಗುಹಾಕುವ ಬಣ್ಣದ ಹಲಗೆಯೇ ಕೊಟ್ಟಿಗೆ ಕೌದಿ, ಅದರ ಮಾದರಿ ಹೊಲಿದ ಕೌದಿಯದ್ದೇ. 2001ರಲ್ಲಿ ಒಹಾಯೊದ ಆಡಮ್ಸ್ ಕೌಂಟಿಯಲ್ಲಿ ಡೋನಾ ಸ್ಯೂ ಗ್ರೋವ್ಸ್, ಕೌದಿ ಹೊಲಿಯುತ್ತಿದ್ದ ತಾಯಿಯ ಗೌರವಕ್ಕೆಂದು ಶುರು ಮಾಡಿದ ಕೆಲಸ. ಅಲ್ಲಿ ಮೊದಲು ಏರಿದ್ದೂ ಒಹಾಯೊ ಸ್ಟಾರ್ ಎಂಬ ನಕ್ಷತ್ರದ ಕೌದಿ ಮಾದರಿಯೇ. ಕೊಟ್ಟಿಗೆಗೆ ಎಂಟಡಿ ಚೌಕ ಬೇಕು. ವರಾಂಡಕ್ಕೆ ಎರಡಡಿ ಸಾಕು.

1ನೇ ದಿನ: ಹಲಗೆ
ಅರ್ಧ ಇಂಚಿನ ಎಂಡಿಒ (ಮೀಡಿಯಂ ಡೆನ್ಸಿಟಿ ಓವರ್‌ಲೇ) ಪ್ಲೈವುಡ್. ರಾಳ ಹೀರಿಸಿದ ಕಾಗದದ ಪದರ ಮೇಲಿರುವುದರಿಂದ ಮರದ ಎಳೆ ಬಣ್ಣದಡಿಯಿಂದ ಎದ್ದು ಕಾಣುವುದಿಲ್ಲ. 4×8 ಅಡಿಯ ಹಾಳೆಯಲ್ಲಿ ಲೆಕ್ಕಕ್ಕೆ ಎಂಟು ಹಲಗೆ. ಆದರೆ ಗರಗಸ ಪ್ರತಿ ಕೊಯ್ತಕ್ಕೂ ⅛ ಇಂಚು ನುಂಗುತ್ತದೆ, ಕೈಗೆ ಬರುವುದು 24 ಇಂಚಿಗೆ ತುಸು ಕಡಿಮೆ. 24 ಎಂದೇ ನಂಬಿ ಎಂಟೆಂಟು ಇಂಚಿಗೆ ಗೆರೆ ಎಳೆದರೆ ಕೊನೆಯ ಸಾಲು ಮೊಟಕಾಗುತ್ತದೆ. ಇದನ್ನು 23⅝ಕ್ಕೆ ಸವರಿದ್ದು. 3×3ರ ಒಂಬತ್ತು ಮನೆ, ಒಂದೊಂದು 7⅞ ಇಂಚು. ಮೂಲೆಯ ನಾಲ್ಕು ಮನೆ ಬಿಳಿ, ನಡುವಿನದು ಕೆಂಪು. ಅವುಗಳ ನಡುವೆ ಅಂಚಿನಲ್ಲಿರುವ ನಾಲ್ಕು ಮನೆಗಳನ್ನು ಎರಡೆರಡು ಕರ್ಣಗೆರೆ ನಾಲ್ಕು ನಾಲ್ಕು ತ್ರಿಕೋನವಾಗಿ ಸೀಳುತ್ತವೆ: ಹೊರಗಿನದು ಬಿಳಿ, ಒಳಗಿನದು ಹಳದಿ, ಅಕ್ಕಪಕ್ಕದ ಎರಡು ನೀಲಿ. ಇಡೀ ಹಲಗೆಯ ಮೂಲೆಯಿಂದ ಮೂಲೆಗೆ ಎರಡೂ ಕರ್ಣ 33.4 ಇಂಚು ಬಂತು. ಬರದಿದ್ದರೆ ಗೆರೆ ಎಳೆಯುವ ಮೊದಲೇ ಸರಿಪಡಿಸಬೇಕು.

2, 3ನೇ ದಿನ: ಪ್ರೈಮರ್, ಬಿಳಿ
220 ನಂಬರಿನ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ಹೊರಾಂಗಣದ ಅಕ್ರಿಲಿಕ್ ಪ್ರೈಮರ್ ಹಿಂದೆ ಮುಂದೆ ಎರಡು ಕೈ, ಅಂಚಿಗೆ ಮೂರು. ಮಳೆನೀರು ನುಗ್ಗುವುದು ಅಂಚಿನಿಂದ. ಅಲ್ಲಿ ಜಿಪುಣತನ ಮಾಡಿದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಮೇಲೆ ಬಿಳಿ ಎರಡು ಕೈ. ಅಂಗಡಿಯ ಸಣ್ಣ ಸ್ಯಾಂಪಲ್ ಡಬ್ಬಿ ಅಗ್ಗವೇನೋ ಹೌದು, ಆದರೆ ಅದು ಬಣ್ಣ ನೋಡಲಿಕ್ಕಷ್ಟೇ, ಬಿಸಿಲಿಗಲ್ಲ.

5ನೇ ದಿನ: ಹಳದಿ
ನಡುವಿನ ಮನೆಗೆ ತಾಗಿದ ನಾಲ್ಕು ತ್ರಿಕೋನ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಮುಂದೆ ನೀಲಿ, ಕೆಂಪು ಬರುವ ಕಡೆಗೆ ಹಳದಿಯನ್ನು ಗೆರೆ ದಾಟಿ ಎರಡು ಮಿಲಿಮೀಟರ್ ಎಳೆದಿದೆ. ಇಲ್ಲದಿದ್ದರೆ ನಡುವೆ ಬಿಳಿಯ ದಾರದಂಥ ಗೆರೆ ಉಳಿಯುತ್ತದೆ. ತ್ರಿಕೋನದ ತುದಿಯಲ್ಲಿ ಮಾತ್ರ ದಾಟಬಾರದು, ಅದರಾಚೆ ಬಿಳಿಯೇ ಇರಬೇಕು.

7ನೇ ದಿನ: ನೀಲಿ
ಕಷ್ಟ ಇರುವುದೆಲ್ಲ ಇಲ್ಲಿ. ಅಂಚಿನ ನಾಲ್ಕು ಮನೆಗಳ ನಟ್ಟನಡುವೆ ಬಿಳಿ, ಹಳದಿ, ಎರಡು ನೀಲಿ ಒಂದೇ ಚುಕ್ಕೆಯಲ್ಲಿ ಸೇರುತ್ತವೆ. ಟೇಪಿನ ಮೊನೆಯನ್ನು ಗಾಜಿನ ಮೇಲೆ ಕತ್ತರಿಸಿಕೊಂಡು ತಂದು ಅಂಟಿಸಬೇಕು. ಹಲಗೆಯ ಮೇಲೇ ಬ್ಲೇಡ್ ಆಡಿಸಿದರೆ ಕಾಗದದ ಪದರ ಸೀಳಿ ನೀರಿಗೆ ದಾರಿಯಾಗುತ್ತದೆ. ಹಳೆಯ ಎಟಿಎಂ ಕಾರ್ಡಿನಿಂದ ಅಂಚನ್ನು ಒತ್ತಿ, ಟೇಪ್ ಕೂತಿರುವ ಬಣ್ಣವನ್ನೇ ಅಂಚಿಗೆ ತೆಳುವಾಗಿ ಬಳಿಯಬೇಕು: ಬಿಳಿಯ ಮೇಲಿದ್ದರೆ ಬಿಳಿ, ಹಳದಿಯ ಮೇಲಿದ್ದರೆ ಹಳದಿ. ಸೋರುವುದಿದ್ದರೆ ಅದೇ ಸೋರಿ ಸಂದು ಮುಚ್ಚುತ್ತದೆ, ನೀಲಿ ಒಳಗೆ ಹೋಗಲು ಜಾಗವಿರುವುದಿಲ್ಲ. ಆಮೇಲೆ ನೀಲಿ ಎರಡು ಕೈ. ಎರಡನೆಯದು ಇನ್ನೂ ಮೆತ್ತಗಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ಪೂರ್ತಿ ಒಣಗಲು ಬಿಟ್ಟರೆ ಬಣ್ಣ ಹಾಳೆಯ ಹಾಗೆ ಟೇಪಿನ ಜೊತೆ ಎದ್ದು ಬರುತ್ತದೆ.

ಒಂದು ಕಡೆ ಹಳದಿ ಚಕ್ಕೆ ಎದ್ದಿತು. ಹಿಂದಿನ ರಾತ್ರಿ ತೇವವಿತ್ತು, ಹಳದಿ ಮುಟ್ಟಲು ಒಣಗಿದಂತಿದ್ದರೂ ಒಳಗೆ ಹಸಿ. ಇಪ್ಪತ್ತನಾಲ್ಕು ಗಂಟೆ ಎಂಬ ಲೆಕ್ಕ ಒಣ ಹವೆಗೆ ಮಾತ್ರ. ಅಂಚು ಉಜ್ಜಿ, ಸಣ್ಣ ಬ್ರಷ್ಷಿನಿಂದ ತುಂಬಿದ್ದಾಯಿತು.

ಉಳಿದದ್ದು
ನಡುವಿನ ಕೆಂಪು ಚೌಕ. ಕೆಂಪಿಗೆ ಮುಚ್ಚುವ ಶಕ್ತಿ ಕಡಿಮೆ, ಬಿಳಿಯ ಮೇಲೆ ನಾಲ್ಕು ಕೈ ಬಳಿದರೂ ಬ್ರಷ್ಷಿನ ಗೀರು ಕಾಣಬಹುದು. ಹಾಗಾಗಿ ಕೆಳಗೆ ಒಂದು ಕೈ ಬೂದು ಪ್ರೈಮರ್, ಮೇಲೆ ಕೆಂಪು ಎರಡು. ಒಂದು ವಾರ ಒಣಗಿದ ಮೇಲೆ ನೇತುಹಾಕುವುದು: ಸ್ಟೇನ್‌ಲೆಸ್ ಸ್ಕ್ರೂ, ಹಿಂದೆ ಗಾಳಿಯಾಡಲು ಅರ್ಧ ಇಂಚಿನ ನಾಲ್ಕು ಬಿಲ್ಲೆ, ಕೊರೆದ ತೂತುಗಳ ಒಳಗೂ ಪ್ರೈಮರ್.