ಪಿಂಗ್ಯಾವ್‌ನ ತಕ್ಕಡಿಯ ಮುಂದೆ

ಬೀಜಿಂಗ್‌ನಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಶಾನ್ಶಿ ಪ್ರಾಂತ್ಯದ ಪಿಂಗ್ಯಾವ್ ತಲುಪುವಾಗ ಕತ್ತಲಾಗಿತ್ತು. ಬೆಳಿಗ್ಗೆ ಎದ್ದವಳು ಕೋಟೆ ಗೋಡೆ ಹತ್ತಲಿಲ್ಲ. ಆರು ಕಿಲೋಮೀಟರ್ ಗೋಡೆ ಸಂಜೆಗೂ ಅಲ್ಲೇ ಇರುತ್ತದೆ, ಅಲ್ವಾ? ನೇರ ಪಶ್ಚಿಮ ಬೀದಿಗೆ ಹೋದೆ. ನನಗೆ ನೋಡಬೇಕಿದ್ದದ್ದು ರಿಶೆಂಗ್‌ಚಾಂಗ್. 1823ರ ಹೊತ್ತಿಗೆ ಶುರುವಾದ ಹುಂಡಿ ಅಂಗಡಿ ಅದು, ಅಂದರೆ ಒಂದು ಊರಲ್ಲಿ ಹಣ ಕಟ್ಟಿ ಕಾಗದ ಪಡೆದು ಇನ್ನೊಂದು ಊರಲ್ಲಿ ಹಣ ತೆಗೆದುಕೊಳ್ಳುವ ಜಾಗ. ಮೊದಲು ಬಣ್ಣದ ವ್ಯಾಪಾರ ಮಾಡುತ್ತಿದ್ದ ಮನೆ. ಈಗ ಮ್ಯೂಸಿಯಂ.

ಅಂಗಳ ದಾಟಿ ಒಳಗೆ ಹೋದರೆ ಮರದ ಕಟಕಟೆ, ಅದರ ಹಿಂದೆ ಲೆಕ್ಕದ ಮಣಿಚೌಕಟ್ಟು, ತಕ್ಕಡಿ. ನಾನು ತಕ್ಕಡಿಯ ಮುಂದೆಯೇ ನಿಂತುಬಿಟ್ಟೆ. ಆ ಕಾಲದ ಚೀನಾದಲ್ಲಿ ಬೆಳ್ಳಿಯ ದುಡ್ಡನ್ನು ಎಣಿಸುತ್ತಿರಲಿಲ್ಲ, ತೂಗುತ್ತಿದ್ದರು. ಲ್ಯಾಂಗ್ ಅನ್ನುವುದು ನಾಣ್ಯದ ಹೆಸರಲ್ಲ, ತೂಕದ ಹೆಸರು. ಹತ್ತು ಫೆನ್‌ಗೆ ಒಂದು ಚಿಯೆನ್, ಹತ್ತು ಚಿಯೆನ್‌ಗೆ ಒಂದು ಲ್ಯಾಂಗ್, ಹದಿನಾರು ಲ್ಯಾಂಗ್‌ಗೆ ಒಂದು ಜಿನ್. ದೊಡ್ಡ ವ್ಯವಹಾರಕ್ಕೆ ದೋಣಿಯಾಕಾರದ ಬೆಳ್ಳಿ ಗಟ್ಟಿ, ಯುವಾನ್‌ಬಾವ್. ಐವತ್ತು ಲ್ಯಾಂಗಿನ ಒಂದು ಗಟ್ಟಿ ಎಂದರೆ ಹತ್ತಿರ ಹತ್ತಿರ 1.9 ಕಿಲೋ. ಚಿಲ್ಲರೆ ಬೇಕಾದರೆ ಬೆಳ್ಳಿಯನ್ನು ಕತ್ತರಿಸಿ, ಪುಟ್ಟ ತಕ್ಕಡಿಯಲ್ಲಿ ಇಟ್ಟು ಕೊಡುತ್ತಿದ್ದರು.

ತೊಡಕು ಇದ್ದದ್ದು ಬೇರೆ ಕಡೆ. ಊರಿಗೊಂದು ಲ್ಯಾಂಗ್! ಸರಕಾರಿ ಖಜಾನೆಯ ಲ್ಯಾಂಗ್ ಸುಮಾರು 37.3 ಗ್ರಾಂ. ಕಸ್ಟಮ್ಸ್‌ನದು ಅದಕ್ಕಿಂತ ತುಸು ಜಾಸ್ತಿ. ಬೆಳ್ಳಿಯ ಶುದ್ಧತೆಯೂ ಎಲ್ಲ ಕಡೆ ಒಂದೇ ಅಲ್ಲ. ಒಂದು ಊರಲ್ಲಿ ಬೆಳ್ಳಿ ಕಟ್ಟಿ ಇನ್ನೊಂದು ಊರಲ್ಲಿ ತೆಗೆದುಕೊಳ್ಳುವವನಿಗೆ ಎಷ್ಟು ಕೊಡಬೇಕು? ಹುಂಡಿ ಅಂಗಡಿಗಳು ತಮ್ಮದೇ ತೂಕ ಇಟ್ಟುಕೊಂಡು, ಪ್ರತಿ ಊರಿನ ತೂಕವನ್ನು ಅದರ ಜೊತೆ ಹೋಲಿಸಿ ಲೆಕ್ಕ ಹಾಕುತ್ತಿದ್ದವು. ಹುಂಡಿಯ ಕಾಗದದಲ್ಲಿ ತಿಂಗಳನ್ನೂ ಮೊತ್ತವನ್ನೂ ಗುಟ್ಟಿನ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಹನ್ನೆರಡು ತಿಂಗಳಿಗೆ ಹನ್ನೆರಡು ಅಕ್ಷರ. ಸಾಲಾಗಿ ಓದಿದರೆ 'ಸುಳ್ಳು ಹುಂಡಿಯ ಬಗ್ಗೆ ಎಚ್ಚರ, ಬರಹ ಮೊಹರು ಸರಿಯಾಗಿ ನೋಡು' ಎಂಬ ಅರ್ಥ. ಎಂಥ ಚಂದದ ಉಪಾಯ! ಆ ಫಲಕದ ಹತ್ತಿರ ನಾನು ಮೂರು ಸಲ ಹೋಗಿ ಬಂದೆ.

ತಕ್ಕಡಿ ಕೋಲಿನ ಮೇಲೆ ಲ್ಯಾಂಗಿಗೊಂದರಂತೆ ಇರುವ ಹದಿನಾರು ಚುಕ್ಕಿಗಳಿಗೂ ಅಲ್ಲಿ ಒಂದು ಕಥೆ ಇದೆ. ಉತ್ತರದ ಏಳು ನಕ್ಷತ್ರ, ದಕ್ಷಿಣದ ಆರು, ಉಳಿದ ಮೂರು ಭಾಗ್ಯ, ಪದವಿ, ಆಯಸ್ಸು. ಒಂದು ಲ್ಯಾಂಗ್ ಕಡಿಮೆ ತೂಗಿದವನಿಗೆ ಭಾಗ್ಯ ಹೋಗುತ್ತದೆ, ಎರಡಕ್ಕೆ ಪದವಿ, ಮೂರಕ್ಕೆ ಆಯಸ್ಸು. 'ಹದಿನಾರಾಣೆ ಸತ್ಯ' ಅನ್ನುವ ನಮಗೆ ಈ ಲೆಕ್ಕ ತಕ್ಷಣ ಹತ್ತಿರವಾಗುತ್ತದೆ. ನಮ್ಮ ಆಣೆ 1957ರಲ್ಲಿ ಹೋಯಿತು. ಚೀನಾದಲ್ಲಿ ಲ್ಯಾಂಗ್ ಲೆಕ್ಕದ ಬೆಳ್ಳಿ 1933ರಲ್ಲಿ ಹೋಗಿ ಯುವಾನ್ ನಾಣ್ಯವಷ್ಟೇ ಉಳಿಯಿತು. 1959ರಲ್ಲಿ ಹದಿನಾರು ಲ್ಯಾಂಗಿನ ಜಿನ್ ಕೂಡ ಹೋಯಿತು.

ಹೊರಗೆ ಬೀದಿಯಲ್ಲಿ ಒಣಗಿದ ಬೋರೆ ಹಣ್ಣು ಮಾರುತ್ತಿದ್ದರು. ಅರ್ಧ ಜಿನ್ ಕೇಳಿದೆ. 250 ಗ್ರಾಂ ಬಂತು. ಈಗ ಜಿನ್ ಅಂದರೆ 500 ಗ್ರಾಂ, ಅದರಲ್ಲಿ ಹತ್ತೇ ಲ್ಯಾಂಗ್. ಆದರೂ ಇಬ್ಬರೂ ಒಂದೇ ಎನ್ನಲು ಅಲ್ಲಿನವರು ಇವತ್ತಿಗೂ 'ಅರ್ಧ ಜಿನ್, ಎಂಟು ಲ್ಯಾಂಗ್' ಅನ್ನುತ್ತಾರೆ. ಗಾದೆಯ ಲೆಕ್ಕ ಹಳೆಯದೇ.

ವಾಪಸ್ ಬರುವಾಗ ಹಾಂಗ್‌ಕಾಂಗ್‌ನಲ್ಲಿ ಎರಡು ದಿನ ಇದ್ದೆ. ಕಾರು ನಿಲ್ಲಿಸುವ ಜಾಗದಲ್ಲಿ ಹಣ ಕಟ್ಟುವ ಕಿಟಕಿಯ ಮೇಲೆ 'ಶ್ರಾಫ್' ಎಂಬ ಫಲಕ ಕಂಡಿತು. ನಮ್ಮ ಸರಾಫನೇ! ಬೆಳ್ಳಿ ಪರೀಕ್ಷಿಸುತ್ತಿದ್ದವನ ಹೆಸರು ಹಡಗು ಹತ್ತಿ ಅಲ್ಲಿಗೆ ಹೋಗಿ, ಉಳಿದುಬಿಟ್ಟಿದೆ. ಚಿನ್ನದಂಗಡಿಯಲ್ಲಿ ದರ ಲ್ಯಾಂಗಿನ ಲೆಕ್ಕದಲ್ಲಿತ್ತು. ಅದೇ ಹಳೆಯ ಲ್ಯಾಂಗ್, ಚಿನ್ನಕ್ಕೆ ಸುಮಾರು 37.4 ಗ್ರಾಂ.

ಸಂತೆಯಲ್ಲಿ ಒಣ ಅಣಬೆ ಅರ್ಧ ಜಿನ್ ಕೇಳಿದೆ. ಅಂಗಡಿಯ ಅಜ್ಜಿ ತೂಗಿ, ಎಂಟು ಬೆರಳು ಎತ್ತಿ ತೋರಿಸಿದರು.