ಆಂಪ್ಲಿಫೈಯರಿಗೆ ಜೋಡಿ ಹುಡುಕುತ್ತಾ

ಮೂರು ವಾರದಿಂದ ಸ್ಪೀಕರ್ ಹುಡುಕಾಟ. ಮನೆಯಲ್ಲಿರುವುದು ಯಮಹಾ ಆಂಪ್ಲಿಫೈಯರ್. ಸ್ಪೀಕರ್ ಕೂಡ ಅದೇ ಕಂಪನಿಯದಾಗಬೇಕೆಂದು ಹಟ ಹಿಡಿದಿದ್ದೆ. ಇಂದು ಅಂಗಡಿಯಲ್ಲಿ ಎರಡು ಗಂಟೆ ಕುಳಿತು ಕೇಳಿದ ಮೇಲೆ ಆ ಹಟ ಬಿಟ್ಟೆ. ಹೆಸರಿಗಿಂತ ಮೊದಲು ಸ್ಪೀಕರಿನ ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ), ಡೆಸಿಬೆಲ್ (ಅಷ್ಟೇ ವಿದ್ಯುತ್ತಿಗೆ ಎಷ್ಟು ಸದ್ದು ಕೊಡುತ್ತದೆ ಎಂಬ ಸೂಕ್ಷ್ಮತೆ) ನೋಡಬೇಕು. 86 ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರಿನಿಂದ 89ರದರಷ್ಟೇ ಸದ್ದು ಹೊರಡಬೇಕಾದರೆ ಆಂಪ್ಲಿಫೈಯರ್ ಎರಡು ಪಟ್ಟು ವಾಟ್ ಕೊಡಬೇಕು! ಸ್ಪೀಕರ್ 4 ಓಮಿನದಾದರೆ ತಡೆ ಕಡಿಮೆ, ಆಂಪ್ಲಿಫೈಯರ್ ಮೇಲಿನ ಹೊರೆ ಇನ್ನೂ ಹೆಚ್ಚು.

ಕೊನೆಗೆ ವಾರ್ಫ್‌ಡೇಲ್ ಕಂಪನಿಯ ಸ್ಪೀಕರ್ ಜೋಡಿಯೊಂದರಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದೆ. ಹಿಂದಿನ ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕಿವಿಗೆ ಬಿತ್ತು. ಅಪ್ಪನ ಹಳೆಯ ರೇಡಿಯೊದಲ್ಲಿ ಕೇಳಿ ಬೆಳೆದ ದನಿ ಅದು. ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಎರಡು ಬೇರೆ ಕಂಪನಿಗಳ ಪೆಟ್ಟಿಗೆಗಳು ಎಷ್ಟು ಚೆನ್ನಾಗಿ ಹೊಂದಿಕೊಂಡವು! ನಾಳೆ ಸ್ಪೀಕರ್ ಮನೆಗೆ ಬರುತ್ತವೆ. ಮೊದಲು ಅಪ್ಪನನ್ನೇ ಕೂರಿಸಿ ಕೇಳಿಸುತ್ತೇನೆ.