ಆಷಾಢದ ಗಾಳಿ ಬಂದ ಮೇಲೆ ಬಾ

ಶಬ್ದ ಅಳೆಯುವುದು ನನ್ನ ಕೆಲಸ. ಹೆದ್ದಾರಿ, ಗಣಿ, ಕಾರ್ಖಾನೆ, ವಿಮಾನ ನಿಲ್ದಾಣ, ಯಾವುದೇ ಯೋಜನೆಗೆ ಪರಿಸರ ಅನುಮತಿ ಕೇಳುವಾಗ ಸಲ್ಲಿಸುವ ವರದಿಯಲ್ಲಿ ಶಬ್ದದ ಬಗ್ಗೆ ಒಂದು ಅಧ್ಯಾಯವಿರುತ್ತದೆ. ಮುಕ್ಕಾಲಿಯ ಮೇಲೆ ಶಬ್ದಮಾಪಕ ನಿಲ್ಲಿಸಿ, ಹಗಲೂ ರಾತ್ರಿ ಕಾದು, ಆ ಅಧ್ಯಾಯಕ್ಕೆ ಅಂಕಿಗಳನ್ನು ತರುವವರು ನಾವು. ಇಷ್ಟು ವರ್ಷಗಳ ಕೆಲಸದಲ್ಲಿ ಒಂದು ಊರಿನ ಅಳತೆ ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ. ಅಲ್ಲಿ ಉಪಕರಣ ಸರಿಯಿತ್ತು, ವಿಧಾನ ನಿಯಮದಂತೆಯೇ ಇತ್ತು. ಆದರೂ ನಾನು ಬರೆದುಕೊಂಡು ಬಂದದ್ದು ಆ ಊರಿನ ಶಬ್ದವಾಗಿರಲಿಲ್ಲ.

ನಮ್ಮ ರಾಜ್ಯದ್ದೇ ಒಂದು ವಿಮಾನ ನಿಲ್ದಾಣದ ವಿಸ್ತರಣೆ ಅದು. ಊರು ರನ್‌ವೇಯ ಪಶ್ಚಿಮ ತುದಿಯಾಚೆ, ಅದರ ನೇರದಿಂದ ತುಸು ಉತ್ತರಕ್ಕೆ ಸರಿದಂತೆ ಇತ್ತು. ಸುತ್ತ ಹಿಪ್ಪುನೇರಳೆ ತೋಟ, ನಾಲ್ಕಾರು ಹುಳುಮನೆ, ಒಂದು ಸರ್ಕಾರಿ ಶಾಲೆ. ನಾನು ಹೋದದ್ದು ಜನವರಿಯಲ್ಲಿ. ಒಬ್ಬ ಅಜ್ಜಿಯ ಮನೆಯ ತಾರಸಿಯ ಮೇಲೆ ಉಪಕರಣ ಇಡುತ್ತಿದ್ದಾಗ ಅವರು ಕೆಳಗಿನಿಂದಲೇ ಹೇಳಿದರು: "ಈಗೇನು ಕೇಳಿಸುತ್ತದಪ್ಪಾ? ಆಷಾಢದ ಗಾಳಿ ಬಂದ ಮೇಲೆ ಬಾ."

"ಮಳೆಗಾಲದಲ್ಲಿ ನಾವು ಅಳೆಯುವುದಿಲ್ಲ ಅಜ್ಜಿ" ಎಂದೆ. ಹೇಳಿದ್ದು ಸುಳ್ಳಲ್ಲ. ಇಂಥ ಅಧ್ಯಯನಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕು. ದೂಳಿನ ಮಟ್ಟಿಗೆ ಇದಕ್ಕೆ ಅರ್ಥವಿದೆ: ಮಳೆ ಗಾಳಿಯನ್ನು ತೊಳೆಯುತ್ತದೆ, ಆಗ ಅಳೆದರೆ ಮಾಲಿನ್ಯ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅದೇ ನಿಯಮವನ್ನು ವಿಮಾನದ ಸದ್ದಿಗೂ ಹಚ್ಚಿದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಚಳಿಗಾಲದಲ್ಲಿ ನಮ್ಮಲ್ಲಿ ಮೂಡಣ ಗಾಳಿ. ಏರುವ ವಿಮಾನಗಳೆಲ್ಲ ಪೂರ್ವಕ್ಕೆ ಹೋಗುತ್ತವೆ, ಈ ಊರಿನ ಕಡೆ ಇಳಿಯುವವು ಮಾತ್ರ ಬರುತ್ತವೆ. ಇಳಿಯುವ ವಿಮಾನ ದಾರ ಹಿಡಿದಂತೆ ರನ್‌ವೇಯ ನೇರಕ್ಕೇ ಬರುವುದರಿಂದ ಊರಿನ ಪಕ್ಕದಲ್ಲಿ ಹಾದುಹೋಗುತ್ತದೆ. ಮುಂಗಾರು ಹಿಡಿದು ಪಡುವಣ ಗಾಳಿ ಬೀಸತೊಡಗಿದರೆ ಎಲ್ಲವೂ ತಿರುವುಮುರುವು. ಎಂಜಿನ್ನಿನ ಪೂರ್ತಿ ಬಲದಲ್ಲಿ ಏರುವ ವಿಮಾನಗಳು ಪಶ್ಚಿಮಕ್ಕೆ ಹೊರಟು, ಉತ್ತರಕ್ಕೆ ಹೊರಳುವುದು ಸರಿಯಾಗಿ ಆ ಹಂಚಿನ ಮನೆಗಳ ಮೇಲೆ. ಅಜ್ಜಿ ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ.

ಸಾರ್ವಜನಿಕ ಅಹವಾಲು ಸಭೆಯ ದಿನ ನನ್ನ ತಪ್ಪು ನನಗೆ ಕಂಡಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಈ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಇಡೀ ಕಲಾಪದ ವಿಡಿಯೊ ಆಗಬೇಕು. ಅವೆಲ್ಲ ಆಗಿದ್ದವು. ಊರಿನವರು ಒಬ್ಬೊಬ್ಬರಾಗಿ ಎದ್ದು ಜಮೀನು, ಪರಿಹಾರ, ಮಕ್ಕಳಿಗೆ ಕೆಲಸ ಎಂದು ಮಾತಾಡಿದರು. ಸದ್ದಿನ ಬಗ್ಗೆ ಮಾತೆತ್ತಿದವರೆಲ್ಲ ಹೇಳಿದ್ದು "ತುಂಬಾ ಶಬ್ದ ಸ್ವಾಮಿ, ತಡೆಯಲಾಗುವುದಿಲ್ಲ" ಎಂದಷ್ಟೇ. ಪ್ರತಿ ಸಲವೂ ನನ್ನದೇ ಪಟ್ಟಿಯನ್ನು ತೋರಿಸಿ ಕೊಟ್ಟ ಉತ್ತರವೂ ಒಂದೇ: ಅಳತೆ ಮಿತಿಯೊಳಗಿದೆ.

ಆ ಮಿತಿ ಎಷ್ಟೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ದಾಟಬಾರದು ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. 2018ರಲ್ಲಿ ಕೇಂದ್ರ ಸರ್ಕಾರ ವಿಮಾನ ನಿಲ್ದಾಣದ ಶಬ್ದವಲಯಕ್ಕೆ ಬೇರೆಯೇ ಮಿತಿ ಹೊರಡಿಸಿತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಹಾರಾಟವಿರುವ ನಿಲ್ದಾಣಗಳಲ್ಲಿ ಹಗಲು 70, ರಾತ್ರಿ 65. ಡೆಸಿಬಲ್ ಲೆಕ್ಕದಲ್ಲಿ 20ರ ಅಂತರವೆಂದರೆ ನೂರು ಪಟ್ಟು ಶಬ್ದಶಕ್ತಿ. ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ, ಯೂರೋಪಿನ ಜನರಿಗಾಗಿ ಬರೆದ ಮಾರ್ಗಸೂಚಿಯಲ್ಲಿ, ವಿಮಾನದ ಸದ್ದು ರಾತ್ರಿ 40ಕ್ಕಿಂತ ಕೆಳಗಿರಲಿ ಎಂದಿತ್ತು.

ಇನ್ನು ಸರಾಸರಿಯ ವಿಷಯ. ಇದನ್ನು ಪ್ರತಿಯೊಂದು ಹಳ್ಳಿಯ ಪಂಚಾಯಿತಿಯಲ್ಲೂ ಕೂತು ವಿವರಿಸಬೇಕೆಂಬ ಆಸೆ ನನಗಿದೆ. ಮಿತಿಗೆ ಹೋಲಿಸುವುದು ಇಡೀ ರಾತ್ರಿಯ, ಅಂದರೆ ಹತ್ತರಿಂದ ಬೆಳಗಿನ ಆರರವರೆಗಿನ ಸರಾಸರಿಯನ್ನು. ತಲೆಯ ಮೇಲೆ ಒಂದು ವಿಮಾನ ಏರಿ ಹೋಗುವಾಗ ಅಂಗಳದಲ್ಲಿ ಸುಮಾರು 75 ಡೆಸಿಬಲ್ ಮುಟ್ಟುತ್ತದೆ ಎಂದುಕೊಳ್ಳಿ. ರಾತ್ರಿ ಅಂಥ ಇಪ್ಪತ್ತು ವಿಮಾನ ಹೋದರೂ ಎಂಟು ಗಂಟೆಯ ಸರಾಸರಿ ಸುಮಾರು 53. ನಡುವಿನ ನಿಶ್ಶಬ್ದವೆಲ್ಲ ಸೇರಿ ಅದನ್ನು ಕೆಳಗೆಳೆಯುತ್ತದೆ. ಮನುಷ್ಯ ಸರಾಸರಿಗೆ ಎಚ್ಚರಗೊಳ್ಳುವುದಿಲ್ಲ; ಒಂದೊಂದು ವಿಮಾನಕ್ಕೂ ಎಚ್ಚರಗೊಳ್ಳುತ್ತಾನೆ. ವಿಸ್ತರಣೆಯಾಗಿ ಇಪ್ಪತ್ತು ನಲವತ್ತಾದರೆ? ಸರಾಸರಿ ಏರುವುದು ಮೂರೇ ಡೆಸಿಬಲ್. ಹಾರಾಟ ಇಮ್ಮಡಿಯಾದರೂ ವರದಿಯಲ್ಲಿ ಅದು "ಅಲ್ಪ ಏರಿಕೆ" ಎಂದು ಹೋಗುತ್ತದೆ. ಅಂಥ ಸಾಲನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ.

ಸಭೆ ಮುಗಿಯುವ ಹೊತ್ತಿಗೆ ಶಾಲೆಯ ಮೇಷ್ಟ್ರು ಎದ್ದುನಿಂತರು. ಭಾಷಣ ಮಾಡಲಿಲ್ಲ. ಒಂದು ನೋಟ್ ಪುಸ್ತಕ ಮುಂದಿಟ್ಟರು. ಹಿಂದಿನ ವರ್ಷದ ಜೂನ್‌ನಿಂದ ಆಗಸ್ಟ್‌ವರೆಗೆ, ಶಾಲೆ ನಡೆದ ಪ್ರತಿದಿನವೂ ಪಾಠ ನಿಲ್ಲಿಸಬೇಕಾಗಿ ಬಂದ ಹೊತ್ತನ್ನು ಗಂಟೆ ನಿಮಿಷ ಸಮೇತ ಬರೆದಿದ್ದರು. ಪಕ್ಕದಲ್ಲಿ ವಿಮಾನ ಯಾವ ಕಡೆ ಹೋಯಿತು, ಯಾವ ತರಗತಿ, ಎಷ್ಟು ಹೊತ್ತು ಸುಮ್ಮನಿರಬೇಕಾಯಿತು. "ಇದರಲ್ಲಿ ಒಂದು ದಿನವನ್ನಾದರೂ ನಿಮ್ಮ ವರದಿಯಲ್ಲಿ ತೋರಿಸಿ ಸರ್" ಎಂದು ನನ್ನ ಕಡೆಗೇ ತಿರುಗಿ ಕೇಳಿದರು. ತೋರಿಸಲು ನನ್ನಲ್ಲಿ ಜನವರಿ ಮಾತ್ರ ಇತ್ತು.

"ತುಂಬಾ ಶಬ್ದ" ಎಂಬ ಮಾತಿಗೆ ಕಡತದಲ್ಲಿ ಸುಲಭದ ಉತ್ತರವಿದೆ. ತಾರೀಖು, ಗಂಟೆ, ದಿಕ್ಕು ಇರುವ ಪುಸ್ತಕಕ್ಕೆ ಇಲ್ಲ. ಆ ಹೊತ್ತಿನ ಗಾಳಿಯ ದಾಖಲೆ, ಹಾರಾಟದ ದಾಖಲೆ ತೆಗೆದು ತಾಳೆ ನೋಡಲೇಬೇಕಾಗುತ್ತದೆ. ಆ ಪುಸ್ತಕ ಕಲಾಪದ ಭಾಗವಾಯಿತು, ಮುಂದೆ ಮಳೆಗಾಲದಲ್ಲೂ ಅಳೆದು ಸೇರಿಸಿ ಎಂಬ ಸೂಚನೆ ಬಂತು. ಮೇಷ್ಟ್ರಿಗೆ ಆಮೇಲೊಮ್ಮೆ 2005ರ ಒಂದು ಅಧ್ಯಯನದ ಬಗ್ಗೆ ಹೇಳಿದೆ: ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್, ಲಂಡನ್ ನಿಲ್ದಾಣಗಳ ಸುತ್ತ ಒಂಬತ್ತು-ಹತ್ತು ವರ್ಷದ 2,800ಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾಗ, ಶಾಲೆಯಲ್ಲಿ ವಿಮಾನದ ಸದ್ದು ಹೆಚ್ಚಿದಷ್ಟೂ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ತಗ್ಗಿತ್ತು. ಅವರು ತಲೆಯಾಡಿಸಿದರು. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಲಂಡನ್ನಿನ ಹೀಥ್ರೂ ವಿಷಯವನ್ನೂ ಹೇಳಿದ್ದೆ. ಅಲ್ಲಿ ಪಡುವಣ ಗಾಳಿಯ ದಿನಗಳಲ್ಲಿ ಇಳಿಯುವ ವಿಮಾನಗಳನ್ನು ಮಧ್ಯಾಹ್ನ ಮೂರಕ್ಕೆ ಒಂದು ರನ್‌ವೇಯಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಕೆಳಗಿನ ಬಡಾವಣೆಗಳಿಗೆ ದಿನದ ಅರ್ಧವಾದರೂ ಬಿಡುವು ಸಿಗುತ್ತದೆ, ಯಾವ ಅರ್ಧವೆಂದು ಮೊದಲೇ ಗೊತ್ತಿರುತ್ತದೆ. ಐದನೇ ಟರ್ಮಿನಲ್‌ಗೆ ಒಪ್ಪಿಗೆ ಕೊಡುವಾಗ ವರ್ಷಕ್ಕೆ 4,80,000 ಹಾರಾಟ ಮೀರಬಾರದೆಂಬ ಷರತ್ತನ್ನೂ ಹಾಕಿದರು. ವಿಸ್ತರಣೆ ಬೇಡ ಎನ್ನುವುದರ ಜೊತೆಗೆ ಬಿಡುವು ಕೊಡಿ, ಮಿತಿ ಹಾಕಿ ಎಂದು ಕೇಳುವ ದಾರಿಯೂ ಇದೆ ಎಂಬುದು ಊರಿನ ಬಹಳ ಜನರಿಗೆ ಹೊಳೆದಿರಲಿಲ್ಲ. ಹೇಳಬೇಕಾದವರೂ ಹೇಳಿರಲಿಲ್ಲ.

ಹುಳುಮನೆಯ ಹೆಂಗಸರು ಸೀಮೆಎಣ್ಣೆಯಂಥ ವಾಸನೆಯ ಬಗ್ಗೆ ಕೇಳಿದ್ದಕ್ಕೆ ಮಾತ್ರ ನಾನು ಸರಿಯಾದ ಉತ್ತರ ಕೊಡಲಾಗಲಿಲ್ಲ. ನಮ್ಮ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಜೆಟ್ ಎಂಜಿನ್ ಹೆಚ್ಚಾಗಿ ಉಗುಳುವ, ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾದ ಕಣಗಳು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಅಳೆಯಲು ನಮ್ಮನ್ನು ಯಾರೂ ಕಳಿಸುವುದಿಲ್ಲ.

ಜುಲೈನಲ್ಲಿ ಅದೇ ತಾರಸಿಗೆ ಮತ್ತೆ ಹೋದೆ. ಈ ಸಲ ಸರಾಸರಿಯ ಜೊತೆಗೆ ಪ್ರತಿ ವಿಮಾನದ ಗರಿಷ್ಠ ಸದ್ದು, ಹೊತ್ತು, ರಾತ್ರಿಯ ಒಟ್ಟು ಎಣಿಕೆ ಬರೆಯುವ ಬೇರೆ ಕೋಷ್ಟಕ ಮಾಡಿಕೊಂಡಿದ್ದೆ. ಅಜ್ಜಿ ನಿದ್ದೆ ಬಾರದೆ ಕೆಳಗೆ ಜಗಲಿಯಲ್ಲಿ ಕೂತಿದ್ದರು. ಬೆಳಿಗ್ಗೆ ಕಾಫಿ ಕೊಡುತ್ತಾ "ಎಷ್ಟು ಬಂದವಪ್ಪಾ ನಿನ್ನ ಲೆಕ್ಕದಲ್ಲಿ?" ಎಂದರು.

"ಇಪ್ಪತ್ತಮೂರು, ಅಜ್ಜಿ."

"ಇಪ್ಪತ್ತನಾಲ್ಕು. ಮಳೆ ಬಂತಲ್ಲ, ಆಗ ಒಂದು ಹೋಯಿತು."

ಮಳೆ ಸುರಿಯುವಾಗಿನ ದಾಖಲೆಯನ್ನು ನಾವು ನಿಯಮದಂತೆ ತೆಗೆದುಹಾಕುತ್ತೇವೆ. ತೆಗೆದಿಟ್ಟ ಆ ಹನ್ನೆರಡು ನಿಮಿಷವನ್ನು ಹಾಕಿ ಕೇಳಿದೆ. ಹನಿಗಳ ಸದ್ದಿನ ಹಿಂದೆ, ಪಡುವಣಕ್ಕೆ ಏರಿ ಉತ್ತರಕ್ಕೆ ಹೊರಳುವ ಎಂಜಿನ್ನಿನ ಮೊರೆತ ಸ್ಪಷ್ಟವಾಗಿತ್ತು. ಕೋಷ್ಟಕದಲ್ಲಿ 24 ಎಂದು ತಿದ್ದಿ, ಷರಾ ಕಾಲಂನಲ್ಲಿ ಬರೆದೆ: ಒಂದು ಹಾರಾಟ ಮಳೆಯ ವೇಳೆ, ಮನೆಯವರು ಎಣಿಸಿದ್ದು, ಧ್ವನಿಮುದ್ರಣದಲ್ಲಿ ಖಚಿತಪಡಿಸಲಾಗಿದೆ.